ಹರವಿಗೆ ಬೈದ ಸಾಹೇಬರು

ಹೊಸ ಹರವಿಗೆ ಮೊದಲ ಬಾರಿ ನೀರು ತುಂಬಿದಾಗ ಒಂದು ವಾಸನೆ ಏಳುತ್ತದೆ. ಅದನ್ನು ಮಳೆಯ ವಾಸನೆಗೆ ಹೋಲಿಸುವವರಿದ್ದಾರೆ; ನನಗೆ ಹಾಗೆ ಅನ್ನಿಸಿಲ್ಲ. ಆವಿಗೆಯಲ್ಲಿ ಬೆಂದ ಮಣ್ಣು ಮೊದಲ ಸಲ ನೀರು ಹೀರುವಾಗಿನ ವಾಸನೆ ಅದು, ಅದರಲ್ಲಿ ತುಸು ಹೊಗೆ ಬೆರೆತಿರುತ್ತದೆ. ಈ ಬೇಸಿಗೆಯಲ್ಲಿ ನನ್ನ ಹೆಂಡತಿ ಕಲಬುರಗಿಯ ಸಂತೆಯಿಂದ ಅಗಲ ಬಾಯಿಯ ಅಂಥದೊಂದು ನೀರಿನ ಮಣ್ಣಿನ ಪಾತ್ರೆ ತಂದಳು. ಪಡಸಾಲೆಯ ಮೂಲೆಯಲ್ಲಿ ಇಟ್ಟು ನೀರು ಸುರಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನದಲ್ಲದ ಮಾತೊಂದು ನನ್ನ ಬಾಯಿಂದ ಹೊರಬಿತ್ತು: “ನಾಕ ದಿನ ನೀರು ಕುಡಿ. ಆಮ್ಯಾಲ ಹೇಳ್ತೇನಿ.”

ಆ ಮಾತು ನನ್ನ ಮೊದಲ ಮೇಲಧಿಕಾರಿಯದು. ಜೇವರ್ಗಿಯ ಕಚೇರಿಯಲ್ಲಿ ನಾವೆಲ್ಲ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದೆವು.

ವರ್ಷ ಯಾವುದೆಂದು ಬರೆಯುವ ಮುನ್ನ ತಾಳೆ ನೋಡಿದೆ. ನೆನಪು ಎಂಬತ್ತೊಂದು ಎನ್ನುತ್ತದೆ. ನೇಮಕದ ಆದೇಶ ಎಂಬತ್ತೆರಡು ಎನ್ನುತ್ತದೆ. ನಾನು ಸೇರಿದ ಹೊಸತರಲ್ಲಿ ಅಣ್ಣನ ಮದುವೆಗೆ ರಜೆ ಕೇಳಲು ಹಿಂಜರಿದು ಮುಹೂರ್ತದ ದಿನವಷ್ಟೇ ಊರು ತಲುಪಿದ್ದೆ. ಆ ಮದುವೆಯ ಕರೆಯೋಲೆ ಅತ್ತಿಗೆಯ ಬಳಿ ಇನ್ನೂ ಇದೆ. ದೂರವಾಣಿಯಲ್ಲಿ ಓದಿಸಿ ಕೇಳಿದೆ. ಆದೇಶವೇ ಸರಿ, ನೆನಪು ತಪ್ಪು. ಹಾಗಾಗಿ ಎಂಬತ್ತೆರಡರ ದಸರೆಯ ನಂತರ ಎಂದು ನಿಶ್ಚಿಂತೆಯಿಂದ ಬರೆಯುತ್ತೇನೆ.

ನಮ್ಮದು ಸರ್ಕಾರದ ಒಂದು ಚಿಕ್ಕ ಸಂಶೋಧನಾ ಘಟಕ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಕುಟುಂಬಗಳು ವರ್ಷವಿಡೀ ಏನು ಬೆಳೆಯುತ್ತವೆ, ಏನು ಉಣ್ಣುತ್ತವೆ, ಕೆಲಸಕ್ಕೆ ಎಲ್ಲಿಗೆ ಹೋಗುತ್ತವೆ ಎಂದು ಮನೆಮನೆಗೆ ಹೋಗಿ ಕೇಳಿ ವರದಿ ಮಾಡುವುದು ಕೆಲಸ. ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಬಾಡಿಗೆ ಮನೆಯೇ ಕಚೇರಿ. ಲಾರಿಗಳು ಹಾದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಅಲ್ಲಿ ನಾಲ್ಕೇ ಜನ. ಸಾಹೇಬರು, ಜೇವರ್ಗಿಯವರೇ ಆದ ಟೈಪಿಸ್ಟ್ ಅಕ್ಕಾರು, ನನ್ನಂತೆಯೇ ಸಂಶೋಧನಾ ಸಹಾಯಕನಾಗಿದ್ದ ಅಫಜಲಪುರದ ಗೆಳೆಯ, ಮತ್ತು ಮಂಡ್ಯದ ಕಡೆಯಿಂದ ಹೋದ ನಾನು. ಹೈಸ್ಕೂಲಿನ ಖಾಯಂ ಮಾಸ್ತರಿಕೆಯನ್ನು ಬಿಟ್ಟು ಹೋಗಿದ್ದೆ. ಇಲ್ಲಿ ಒಂದು ವರ್ಷ ಪರೀಕ್ಷಾವಧಿ. ವರ್ಷದ ಕೊನೆಯಲ್ಲಿ ಸಾಹೇಬರು ‘ಇವರು ಬೇಕು’ ಎಂದು ಬರೆದರೆ ಉದ್ಯೋಗ ಉಳಿಯುತ್ತದೆ, ಇಲ್ಲವಾದರೆ ಅದೂ ಇಲ್ಲ ಇದೂ ಇಲ್ಲ.

ಸಾಹೇಬರು ಆಳಂದದವರು. ಮನೆಯಲ್ಲಿ ದಖನಿ ಉರ್ದು, ಹಳ್ಳಿಯಲ್ಲಿ ಅಚ್ಚ ಕನ್ನಡ, ಕಡತದಲ್ಲಿ ಇಂಗ್ಲಿಷು. ಬಿಳಿ ತುಂಬುತೋಳಿನ ಅಂಗಿ, ಚಳಿಗಾಲದಲ್ಲೂ ಕಂಕುಳಲ್ಲಿ ಕೊಡೆ. ಯಾರು ಒಳಗೆ ಬಂದರೂ ಅರ್ಧ ಎದ್ದು, “ಬರ್ರಿ, ಕೂಡ್ರಿ, ಚಹಾ ತಗೋರಿ” ಎನ್ನುವರು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಇಂಥ ಮೇಲಧಿಕಾರಿ ಸಿಕ್ಕರೆ ಯಾರಾದರೂ ಪುಣ್ಯ ಎನ್ನಬೇಕು. ಆದರೆ ನನಗೆ ಹೊಟ್ಟೆಯ ಉರಿತದ ಕಾಯಿಲೆ ಶುರುವಾದದ್ದು ಅವರ ಕೈಕೆಳಗೇ.

ನಾನು ಬಂದ ಶಾಲೆಯ ಹೆಡ್‌ಮಾಸ್ತರರು ಬೈಯುತ್ತಿದ್ದರು. ಬೈದರೆ ಮೂರು ತರಗತಿಗೆ ಕೇಳಿಸುವ ಹಾಗೆ, “ಏನ್ರೀ ಇದು, ದನ ಕಾಯೋಕೆ ಹೋಗಿ!” ಎನ್ನುವರು. ಸೀನು ಬಂದಂತೆ ಬೈಗುಳ ಬಂದು ಹೋಗುತ್ತಿತ್ತು. ಬಿಡುವಿನ ವೇಳೆಗೆ ತಾವೇ ಕರೆದು ತಮ್ಮ ಫ್ಲಾಸ್ಕಿನ ಕಾಫಿ ಕೊಡುವರು. ಅವರ ಎದುರಿಗೆ ನಾನು ಎಲ್ಲಿದ್ದೇನೆ ಎಂಬುದು ಪ್ರತಿ ದಿನವೂ ಗೊತ್ತಿರುತ್ತಿತ್ತು. ಜೇವರ್ಗಿಯಲ್ಲಿ ಅದೇ ಗೊತ್ತಾಗುತ್ತಿರಲಿಲ್ಲ. ವರದಿ ಕೊಟ್ಟು, “ಹೇಗಿದೆ ಸರ್?” ಎಂದರೆ “ಛಲೋ ಅದರಿ” ಎನ್ನುವರು. ಅವಸರದಲ್ಲಿ ಬರೆದ ಕೆಟ್ಟ ವರದಿಗೂ ಅದೇ ಮಾತು, ವಾರವಿಡೀ ತಿದ್ದಿದ ವರದಿಗೂ ಅದೇ ಮಾತು. ಆ ಎರಡು ಪದಗಳನ್ನು ಹಿಡಿದು ನಾನು ಏನೆಲ್ಲ ಊಹಿಸಿದೆನೋ… ಊಟ ಸೇರದಾಯಿತು. ಕಲಬುರಗಿಯ ವೈದ್ಯರು ಬಿಳಿಯ ಔಷಧದ ಬಾಟಲಿ ಕೊಟ್ಟು, ಚಿಂತೆ ಬಿಡಿ ಎಂದರು. ಯಾವ ಚಿಂತೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಸಾಹೇಬರಿಗೆ ಒಂದು ವಿಚಿತ್ರ ರೂಢಿ ಇದೆ ಎಂದಷ್ಟೇ ನಾನು ತಿಳಿದಿದ್ದೆ. ಕಚೇರಿಯ ಪಡಸಾಲೆಯಲ್ಲಿ, ನಮ್ಮೆಲ್ಲರ ಮೇಜುಗಳಿಗೂ ಕಾಣುವಂತೆ, ನೀರಿನ ಹರವಿಯೊಂದು ಕಬ್ಬಿಣದ ಮೂರು ಕಾಲಿನ ಮೇಲೆ ಕುಳಿತಿತ್ತು. ನೀರು ಕುಡಿಯಲು ಬಂದಾಗ ಸಾಹೇಬರು ಅದರೊಂದಿಗೆ ಮಾತಾಡುತ್ತಿದ್ದರು. ಒಂದು ದಿನ ಹೀಗೆಂದರು:

“ಏನವಾ ಹರವಿ, ಮುಂಜಾನಿ ಕೊಡೋ ನೀರ ಮಧ್ಯಾಹ್ನಕ್ಕ ಕೊಟ್ರ, ನೀರಡಿಕಿ ನಿನ್ನ ಹಾದಿ ಕಾಯ್ತದೇನು?”

ಹರವಿಯ ನೀರು ತಣ್ಣಗೇ ಇತ್ತು. ವಯಸ್ಸಾದವರು, ಒಬ್ಬರೇ ಮಾತಾಡುತ್ತಾರೆ ಎಂದುಕೊಂಡೆ. ಮರುದಿನದಿಂದ ಟೈಪಿಸ್ಟ್ ಅಕ್ಕಾರು ಎಲ್ಲರಿಗಿಂತ ಮುಂಚೆ ಬರತೊಡಗಿದ್ದನ್ನು ಕಂಡೆ; ಎರಡಕ್ಕೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲಿ ಭೀಮೆಯ ದಂಡೆಯ ಒಂದು ಹಳ್ಳಿಯಿಂದ ನಾನು ಮರಳಿದ ಮಾರನೆಯ ದಿನ, ಆ ಊರಿನವರೊಬ್ಬರು ಬಂದು ಚಹಾ ಕುಡಿದು ಹೋದ ಮೇಲೆ, ಸಾಹೇಬರು ಲೋಟ ಕೈಯಲ್ಲಿ ಹಿಡಿದು ಹರವಿಯ ಮುಂದೆ ನಿಂತರು.

“ಹರವಿ, ನಿನ್ನ ಬಾಯಿ ಭಾಳ ಅಗಲ ಆತು. ನಾಕ ಮಂದಿ ಮುಂದ ಹಿಂಗ ತೆರಕೊಂಡು ಕುಂತರ ಧೂಳ ಬೀಳ್ದ ಏನಾಗ್ತದ?”

ಈ ಬಾರಿ ನನಗೆ ಅರ್ಥವಾಯಿತು ಎಂದು ಭಾವಿಸಿದೆ. ಹೆದ್ದಾರಿಯ ಧೂಳು ನಿಜಕ್ಕೂ ಹರವಿಯೊಳಗೆ ಬೀಳುತ್ತಿತ್ತು. ಸಾಹೇಬರ ಮನಸ್ಸನ್ನು ತಿಳಿದು ನಡೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ? ಭಾನುವಾರ ಕುಂಬಾರರ ಓಣಿಗೆ ಹೋದೆ. ಕಿರಿದಾದ ಕತ್ತಿನ, ಮುಚ್ಚಳವಿರುವ ಹೊಸದೊಂದನ್ನು ಆರಿಸಿ ತಂದೆ. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಹಳೆಯದನ್ನು ಕೆಳಗಿಳಿಸಿ, ಹೊಸದನ್ನು ಮೂರು ಕಾಲಿನ ಮೇಲೇರಿಸಿ, ನೀರು ತುಂಬಿ, ಮುಚ್ಚಳ ಹಾಕಿ ನಿಂತೆ. ಪಡಸಾಲೆಯ ತುಂಬ ಆ ವಾಸನೆ.

ಸಾಹೇಬರು ಬಂದರು. ನೋಡಿದರು. ಅಕ್ಕಾರು ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಕೋಣೆಗೆ ಓಡಿದರು. ಗೆಳೆಯ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನ ಭುಜ ಕುಲುಕುತ್ತಿತ್ತು. ಸಾಹೇಬರು ಮಾತ್ರ ನಗಲಿಲ್ಲ. ಕೊಡೆಯನ್ನು ಗೋಡೆಗೆ ಒರಗಿಸಿ, ಹೊಸ ಹರವಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಹೇಳಿದರು: “ಹೊಸದಾಗಿ ಬಂದೀದಿ. ನಾಕ ದಿನ ನೀರು ಕುಡಿ. ಆಮ್ಯಾಲ ಹೇಳ್ತೇನಿ.”

ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ಗೆಳೆಯ ತಡೆಯಲಾರದೆ ಹೇಳಿದ:

“ಲೇ ಮೈಸೂರ, ಹರವಿ ಬಾಯಿ ಅಲ್ಲೋ, ನಿನ್ನ ಬಾಯಿ!”

“ನನ್ನ ಬಾಯಿಯೇ? ನನಗೆ ಬೈದರೇ?”

“ಮತ್ತ? ಮಣ್ಣಿನ ಹರವಿ ಸರ್ಕಾರಿ ಪಗಾರ ತಗೊಂತದೇನು, ಅದಕ್ಕ ಬೈಲಿಕ್ಕಿ? ಮಗಳಿಗಿ ಹೇಳಿ ಸೊಸಿಗಿ ಕೇಳಸೋದು ಅಂತಾರ, ಕೇಳಿಲ್ಲೇನು? ಅದರ ಮ್ಯಾಲ ನೀ ಮುಚ್ಚಳ ಬ್ಯಾರೆ ತಂದಿಟ್ಟಿ. ತಿರುಗಿ ಉತ್ತರ ಕೊಟ್ಟಾನ ಅಂತ ತಿಳ್ಕೊಂಡ್ರ ಏನ ಗತಿ?”

ಮುರಿದ ರೊಟ್ಟಿಯನ್ನು ಕೆಳಗಿಟ್ಟೆ. ಹಾಗಾದರೆ ಹೋಳಿಗೆ ಮುಂಚೆ ಹರವಿಗೆ ಬಿದ್ದ ಬೈಗುಳ ಯಾರದೆಂದು ಕೇಳಿದೆ.

“ಅದು ನಂದು,” ಎಂದ ಗೆಳೆಯ, ಉಳ್ಳಾಗಡ್ಡಿ ಗುದ್ದುತ್ತಾ. “ಅದರ ಹಿಂದಿಂದು ಅಕ್ಕಾರದು. ಹೋಳಿ ಆದಮ್ಯಾಲಿನವು ಎಲ್ಲಾ ನಿನ್ನವೇ.”

ಅಕ್ಕಾರು ಬಾಗಿಲಲ್ಲಿ ನಿಂತು, “ಯಾಕ ಅಂಜಸ್ತೀ ಬಿಡೋ ತಮ್ಮಾ, ಹೋಳಿಕಿಂತ ಮೊದಲಿನವೂ ಎರಡ ಅದಾವ,” ಎಂದು ಸಮಾಧಾನ ಮಾಡಿದರು.

ಅರ್ಥ ತಿಳಿದರೆ ನೆಮ್ಮದಿ ಬರುತ್ತದೆ ಎಂದು ನಾವು ನಂಬುತ್ತೇವೆ. ನನಗೆ ಹಾಗಾಗಲಿಲ್ಲ. ಅಂದಿನಿಂದ ಸಾಹೇಬರ ಬಾಯಿಂದ ಬಂದ ಪ್ರತಿ ಮಾತೂ ನನಗೆ ಗುರಿಯಿಟ್ಟದ್ದಾಗಿ ಕಾಣತೊಡಗಿತು. “ಇವತ್ತ ಬಿಸಲ ಭಾಳ ಅದರಿ” ಎಂದರೆ ಯಾವ ಬಿಸಿಲು ಎಂದು ಯೋಚಿಸುವೆ. ಚಹಾ ಪುಡಿ ಮುಗಿದಿದೆ ಎಂದರೆ ನನ್ನ ಯಾವ ಗುಣ ಮುಗಿಯಿತು ಎಂದು ಹುಡುಕುವೆ. ಔಷಧದ ಎರಡನೆಯ ಬಾಟಲಿ ಖಾಲಿಯಾಯಿತು. ಅದೇ ಕಚೇರಿಯಲ್ಲಿ, ಅದೇ ಸಾಹೇಬರ ಕೆಳಗೆ, ನನಗಿಂತ ಹೆಚ್ಚು ಬೈಸಿಕೊಂಡ ಗೆಳೆಯ ಮಾತ್ರ ಸಂಜೆ ಹಾಡು ಗುನುಗುತ್ತಾ ಮನೆಗೆ ಹೋಗುತ್ತಿದ್ದ. ನಾನು ಮಾಸ್ತರಿಕೆಗೆ ಮರಳಲು ಸಾಧ್ಯವೇ ಎಂದು ಊರಿಗೆ ಕೇಳಿ ಕಳಿಸಿದೆ.

ಅಲ್ಲಿಯವರು ಮಿರಗ ಎನ್ನುವ ಮೃಗಶಿರಾ ಮಳೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಜೂನ್ ಆರಂಭವಿರಬೇಕು. ಸಾಹೇಬರು ನನ್ನನ್ನು ಕರೆದುಕೊಂಡು ಆಳಂದ ತಾಲೂಕಿನ ಹಳ್ಳಿಗಳಿಗೆ ಹೊರಟರು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಹೇಳಿದರು. ಅವರ ಊರು, ಹೋಗಿ ಬರುವವರೆಲ್ಲ ಸಲಾಮು ಮಾಡುತ್ತಿದ್ದರು. ಇನ್ನು ತಡೆಯಲಾಗದು ಎನ್ನಿಸಿ ಹೇಳಿಯೇಬಿಟ್ಟೆ.

“ಸರ್, ಒಂದು ಕೇಳ್ಕೋತೀನಿ. ನನಗೆ ನೇರವಾಗಿ ಬೈದುಬಿಡಿ. ಗೊತ್ತಾಗದೆ ಇರೋದೇ ನನಗೆ ಜಾಸ್ತಿ ಕಷ್ಟ ಆಗ್ತಿದೆ. ಇಲ್ಲದಿದ್ರೆ ಊರಿಗೆ ಹೋಗ್ಬಿಡ್ತೀನಿ.”

ಅವರು ಚಹಾ ಸುರಿದುಕೊಂಡಿದ್ದ ಬಸಿಯನ್ನು ಕೆಳಗಿಟ್ಟರು.

“ಎದುರಿಗೇನ್ರಿ?”

“ಹೂಂ ಸರ್.”

“ಮಾರಿ ನೋಡಿ?”

ಮುಖ ನೋಡಿಯೇ ಬೈಯಿರಿ ಎಂಬಂತೆ ತಲೆ ಆಡಿಸಿದೆ. ಅವರು ಕೊಡೆಯನ್ನು ಕಂಕುಳಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೇಳಿದ್ದನ್ನು, ನನ್ನ ನೆನಪಿನಲ್ಲಿ ಉಳಿದಷ್ಟು, ಹಾಗೆಯೇ ಬರೆಯುತ್ತೇನೆ. “ನಮ್ಮ ಅಬ್ಬಾ ಕಚೇರಿಯೊಳಗ ಕಾರಕೂನ ಇದ್ರು. ಒಂದಿನ ದೊಡ್ಡ ಸಾಹೇಬ ಎಲ್ಲಾರ ಮುಂದ ಒಂದ ಮಾತ ಅಂದ. ಅಬ್ಬಾ ಮನಿಗಿ ಬಂದು ಟೋಪಿ ತಗದು ಗೂಟಕ್ಕ ಹಾಕಿದ್ರು. ಮತ್ತ ಹಾಕ್ಕೊಳ್ಳಿಲ್ರಿ… ಸಾಯೋ ಮಟ. ಅವತ್ತಿಂದ ನಮ್ಮ ಮನ್ಯಾಗ ಮಂದಿಗಿ ಬೈಯಂಗಿಲ್ಲ. ಬೈಗಳ ಹರವಿ ಕೇಳ್ತದ. ಅದಕ್ಕೇನೂ ಬಿಸಿ ತಾಗಂಗಿಲ್ಲ, ತಿರುಗಿ ತಣ್ಣನ್ನ ನೀರೇ ಕೊಡ್ತದ.”

ನಾನು ಉರಿ ಎಂದುಕೊಂಡದ್ದು ಅವರ ಲೆಕ್ಕದಲ್ಲಿ ನೆರಳಾಗಿತ್ತು. ಬೇಡ ಸರ್, ಬಿಡಿ ಎನ್ನಬೇಕೆನ್ನುವಷ್ಟರಲ್ಲಿ ಅವರು ಎರಡನೆಯ ಚಹಾ ಹೇಳಿ, ಕುರ್ಚಿಯನ್ನು ತುಸು ನನ್ನ ಕಡೆ ತಿರುಗಿಸಿ, ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನೀವು…” ಎಂದು ನಿಲ್ಲಿಸಿದರು. ಮತ್ತೆ “ನೀವು…” ಎಂದರು.

“ನೀವು ಆ ಹೊಳೀ ದಂಡಿ ಊರಾಗ, ಕಟ್ಟಿಮ್ಯಾಲ ನಾಕ ಮಂದಿ ಕುಂತಾಗ, ಆ ಹೆಣ್ಣಮಗಳಿಗಿ ‘ಮನ್ಯಾಗ ಜ್ವಾಳ ಎಷ್ಟ ದಿನಕ್ಕ ಅದ’ ಅಂತ ಕೇಳಿದ್ದು ತಪ್ಪ್ರಿ. ಇಲ್ಲ ಅನ್ಲಿಕ್ಕಿ ಆಕಿಗಿ ಮಾನ ಅಡ್ಡ ಬಂತು. ಭಾಳ ಅದ ಅಂತ ಸುಳ್ಳ ಹೇಳಿದ್ಲು. ನಿಮ್ಮ ವರದೀನೂ ಸುಳ್ಳಾತು, ಆಕೀ ಮನಸಿಗೂ ನೋವಾತು. ಹಿಂಗ ಕೇಳಬಾರದ್ರಿ.” ಇಷ್ಟು ಹೇಳಿ ಉಸಿರು ಬಿಟ್ಟರು. “ಆತೇನ್ರಿ? ಸಾಕೇನ್ರಿ?”

“ಸಾಕು ಸರ್.”

ಅಷ್ಟೇ! ತಿಂಗಳುಗಟ್ಟಲೆ ನನ್ನನ್ನು ತಿಂದ ಅಪರಾಧಕ್ಕೆ ಒಂದು ಹೆಸರು, ಒಂದು ಊರು, ಒಂದು ಕಾರಣ ಸಿಕ್ಕಿತು. ತಿದ್ದಿಕೊಳ್ಳಬಹುದಾದ ತಪ್ಪು ಅದು. ಎದೆಯ ಮೇಲಿನ ಗೋಣಿಚೀಲವನ್ನು ಯಾರೋ ಇಳಿಸಿದಂತಾಯಿತು. ಆ ಹೊತ್ತಿಗೆ ಪಕ್ಕದ ಬಾಣಲೆಯಿಂದ ಮಿರ್ಚಿ ಬಜ್ಜಿಯ ವಾಸನೆ ಬಂತು, ಎಷ್ಟೋ ದಿನಗಳ ಬಳಿಕ ನನಗೆ ಹಸಿವಾಯಿತು. ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ತರಿಸಿ, ಹಸಿಮೆಣಸಿನ ಖಾರಕ್ಕೆ ಕಣ್ಣೀರು ಸುರಿಸುತ್ತಾ ತಿಂದೆ. ಬಿಳಿ ಔಷಧದ ನೆನಪೂ ಆಗಲಿಲ್ಲ. ತಲೆ ಎತ್ತಿ ನೋಡಿದಾಗ ಸಾಹೇಬರ ತಟ್ಟೆ ಹಾಗೆಯೇ ಇತ್ತು.

ಮರುದಿನ ಅವರು ಕಚೇರಿಗೆ ಬರಲಿಲ್ಲ. ಮೈ ಬಿಸಿಯಾಗಿದೆಯಂತೆ ಎಂದು ಹೇಳಿ ಕಳಿಸಿದ್ದರು. ಗೆಳೆಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಏನ ಮಾಡಿದ್ಯೋ ಸಾಹೇಬರಿಗಿ?” ಎಂದ. ನಡೆದದ್ದನ್ನು ಹೇಳಿದೆ. ಅವನು ಆ ದಿನ ನನ್ನೊಂದಿಗೆ ರೊಟ್ಟಿ ಉಣ್ಣಲಿಲ್ಲ.

ಮುಂದೆ ನಾನು ವೃತ್ತಿಯುದ್ದಕ್ಕೂ ಉತ್ತರ ಹುಡುಕಿದ ಪ್ರಶ್ನೆ ಹುಟ್ಟಿದ್ದು ಆ ವಾರದಲ್ಲಿ. ಒಳ್ಳೆಯ ಮೇಲಧಿಕಾರಿ ಹೇಗಿರಬೇಕು ಎಂದು ಪುಸ್ತಕಗಳು ಒಂದೇ ಅಳತೆಯ ಅಂಗಿ ಹೊಲಿದು ಕೊಡುತ್ತವೆ. ಒಬ್ಬನಿಗೆ ಉಸಿರು ಕೊಟ್ಟ ಮಾತು ಇನ್ನೊಬ್ಬನಿಗೆ ಜ್ವರ ತಂದದ್ದನ್ನು ಕಣ್ಣಾರೆ ಕಂಡ ಮೇಲೆ ಆ ಅಂಗಿ ನನಗೆ ಒಗ್ಗಲಿಲ್ಲ. ಕೆಲಸ ಒಂದೇ ಇದ್ದರೂ ಅದರ ಭಾರ ಮನುಷ್ಯ ಬೆಳೆದ ಮನೆಯನ್ನು ಅವಲಂಬಿಸಿರುತ್ತದೆ. ಆ ಮನೆಯಲ್ಲಿ ಸಿಟ್ಟು ಯಾವ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು ಎಂಬುದನ್ನು ತಿಳಿಯದೆ ಯಾರೂ ಯಾರನ್ನೂ ನಡೆಸಲಾರರು.

ಸಾಹೇಬರು ಗುಣವಾಗಿ ಬಂದರು. ಆ ಬಳಿಕ ನಮ್ಮಿಬ್ಬರ ನಡುವೆ, ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದ ಏರ್ಪಟ್ಟಿತು. ನನಗೆ ಹೇಳುವುದಿದ್ದರೆ ಒಳಕೋಣೆಗೆ ಕರೆದು, ಬಾಗಿಲು ಹಾಕಿ, ನೇರವಾಗಿ ಹೇಳುವರು. ಹೇಳಿದ ಮೇಲೆ ತಪ್ಪದೆ, “ನೋವಾತೇನ್ರಿ?” ಎಂದು ಕೇಳುವರು. ಇಲ್ಲ ಎಂದರೂ ನಂಬದೆ ಚಹಾ ತರಿಸುವರು. ನಾನೂ ನನ್ನ ಕಡೆಯಿಂದ ಹರವಿಯ ಮಾತು ಕಲಿಯತೊಡಗಿದೆ. ಹೊಳೆಯ ದಂಡೆಯ ಆ ಹಳ್ಳಿಗೆ ಮತ್ತೆ ಹೋದೆ. ಕಟ್ಟೆಯ ಮೇಲೆ ಕೂರದೆ ಆ ಮನೆಯ ಹಿತ್ತಲಿಗೆ ಹೋಗಿ, ಆಕೆಯ ಅತ್ತೆಯ ಎದುರು ಕುಳಿತು, ಬೀಸುಕಲ್ಲನ್ನು ನೋಡುತ್ತಾ, “ಈ ಕಲ್ಲಿಗೆ ಈಚೆಗೆ ಕೆಲಸ ಕಡಿಮೆಯೋ ಏನೋ,” ಎಂದೆ. ಮುದುಕಿ ನನ್ನನ್ನು ಒಮ್ಮೆ ನೋಡಿ ನಕ್ಕಳು. “ಅದಕ್ಕೂ ಉಪವಾಸ ಬರ್ತಾವಪಾ,” ಎಂದಳು. ಒಳಗಿನಿಂದ ಸೊಸೆ ಬಂದು ಉಳಿದದ್ದನ್ನು ತಾನೇ ಹೇಳಿದಳು. ಹಳೆಯ ಪುಟವನ್ನು ತೆಗೆದು ಹೊಸದಾಗಿ ಬರೆದೆ.

ದಸರೆ ಬಂತು. ನನ್ನ ವರ್ಷ ತುಂಬುತ್ತಿತ್ತು. ‘ಇವರು ಬೇಕು’ ಎಂದು ಸಾಹೇಬರು ಬರೆದರೋ ಇಲ್ಲವೋ, ಒಳಕೋಣೆಗೆ ಕರೆದಾರೆಂದು ಕಾದೆ. ಕರೆಯಲಿಲ್ಲ. ಊರಿನ ಶಾಲೆಯಿಂದ, ಜಾಗ ಇನ್ನೂ ಖಾಲಿಯಿದೆ, ಬೇಗ ಹೇಳು ಎಂಬ ಸುದ್ದಿಯೂ ಬಂದಿತ್ತು. ಬನ್ನಿ ಹಂಚುವ ಹಬ್ಬದ ಮರುದಿನ ಬೆಳಿಗ್ಗೆ ಸಾಹೇಬರು ನೀರು ಕುಡಿಯಲು ಬಂದರು. ಆ ವೇಳೆಗೆ ಪಡಸಾಲೆಯಲ್ಲಿ ಎರಡು ಹರವಿಗಳಿದ್ದವು. ಹಳೆಯದು ಮರಳಿ ತನ್ನ ಮೂರು ಕಾಲಿನ ಮೇಲೆ. ನಾನು ತಂದ ಮುಚ್ಚಳದ್ದು ಅದರ ಪಕ್ಕ, ಇಟ್ಟಿಗೆಗಳ ಮೇಲೆ. ಸಾಹೇಬರು ಹೊಸದರ ಮುಚ್ಚಳ ತೆಗೆದು, ಅದರಿಂದಲೇ ಲೋಟ ತುಂಬಿಕೊಂಡರು. ಕುಡಿದು, ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ಹೇಳಿದರು:

“ನೀರ ತಣ್ಣಗಾಗ್ಯಾವ. ಇನ್ನ ನೀ ಇಲ್ಲೀದೇ. ಎಷ್ಟ ದಿನ ಅಂತ ಇಟ್ಟಂಗಿಮ್ಯಾಲ ಕೂಡ್ತೀ, ನಿನಗೂ ಒಂದ ಕಬ್ಬಿಣದ ಸ್ಟ್ಯಾಂಡ ಮಾಡಸ್ತೇನಿ.”

ಟೈಪ್ ಮಾಡುತ್ತಿದ್ದ ಅಕ್ಕಾರ ಕೈ ನಿಂತಿತು. ಗೆಳೆಯ ಮೇಜಿನ ಕೆಳಗಿನಿಂದ ನನ್ನ ಕಾಲು ತುಳಿದ. ಅವನು ತುಳಿಯುವ ಅಗತ್ಯವಿರಲಿಲ್ಲ, ನನಗೆ ಅರ್ಥವಾಗಿತ್ತು. ನಾಲ್ಕು ಜನರ ಮುಂದೆ ಹೊಗಳಿದರೆ ದೃಷ್ಟಿ ತಾಗುತ್ತದೆ; ಹಾಗಾಗಿ ಹೊಗಳಿಕೆಯನ್ನೂ ಹರವಿಯೇ ಹೊರಬೇಕಿತ್ತು. ಆದೇಶದ ಪ್ರತಿ ಕಲಬುರಗಿಯಿಂದ ಬಂದದ್ದು ದೀಪಾವಳಿ ಕಳೆದ ಮೇಲೆ. ನಾನು ಅಷ್ಟು ಹೊತ್ತಿಗೆ ಊರಿನ ಶಾಲೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿ, ಔಷಧದ ಬಾಟಲಿಯನ್ನು ತೊಳೆದು ಅಕ್ಕಾರಿಗೆ ಎಣ್ಣೆ ಹಾಕಿಡಲು ಕೊಟ್ಟಾಗಿತ್ತು.

ತೊಂಬತ್ತರ ದಶಕದಲ್ಲಿ ಅಫಜಲಪುರದ ಘಟಕವೊಂದರ ಹೊಣೆ ನನ್ನ ಮೇಲೆ ಬಿತ್ತು. ಕುರ್ಚಿ ಮೇಜುಗಳು ಬರುವ ಮುನ್ನ ನಾನು ಒಂದು ಹರವಿ ಕೊಂಡೆ. ಕರಾವಳಿಯಿಂದ ಬಂದ ತರುಣನಿಗೆ ಬಾಗಿಲು ಹಾಕಿಕೊಂಡು ನೇರವಾಗಿ ಹೇಳುತ್ತಿದ್ದೆ. ಉಳಿದವರಿಗೆ ಹೇಳುವುದಿದ್ದರೆ ನನಗೆ ಬಾಯಾರಿಕೆಯಾಗುತ್ತಿತ್ತು. ನಿವೃತ್ತರಾಗಿ ಆಳಂದದಲ್ಲಿದ್ದ ಸಾಹೇಬರಿಗೆ ಇದನ್ನು ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. “ಮೈಸೂರ ಹರವಿ ನಮ್ಮ ಮಣ್ಣಿಂದಾತು,” ಎಂದಿದ್ದರು, ನನ್ನ ಕಡೆ ನೋಡದೆ, ಅಂಗಳದ ಬೇವಿನ ಗಿಡಕ್ಕೆ. ಅವರನ್ನು ಕಂಡದ್ದು ಅದೇ ಕೊನೆ…

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಆ ವರ್ಷ ನಾನು ಬೇರೆ ಜಿಲ್ಲೆಯಲ್ಲಿದ್ದೆ. ರಂಜಾನಿಗೆ ಮೊದಲು ಎನ್ನುತ್ತಾನೆ ಗೆಳೆಯ. ಹಬ್ಬ ಮುಗಿದ ಮೇಲೆ ಎಂದು ಅವರ ಮಗಳು ಹೇಳಿದ ನೆನಪು ನನಗೆ. ಆಳಂದದ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರೆ ದಿನಾಂಕ ಸಿಕ್ಕೀತು. ಬದುಕಿನಲ್ಲಿ ತಾಳೆ ನೋಡದೆ ಬಿಟ್ಟ ದಿನಾಂಕ ಇದೊಂದೇ.

ಹೊಸ ಹರವಿ ನಾಲ್ಕು ದಿನ ನೀರು ಕುಡಿದಿದೆ. ಇಂದು ಬೆಳಿಗ್ಗೆ ಮೊದಲ ಲೋಟ ತುಂಬಿಕೊಂಡೆ; ತಣ್ಣಗಿತ್ತು. ಹೊಟ್ಟೆಯ ಮೇಲೆ ಅಂಗೈ ಇಟ್ಟು, ಎಷ್ಟೋ ವರ್ಷಗಳಿಂದ ಹೇಳಬೇಕೆಂದಿದ್ದನ್ನು ಹೇಳಿದೆ: “ಹೇಳದ ಕೇಳದ ಎದ್ದು ಹೋಗೋದು ಯಾವ ರೀತಿ? ಒಂದ ಮಾತ ಹೇಳಿ ಕಳಿಸಿದ್ರ ನಾ ಬರ್ತಿರಲಿಲ್ಲೇನು?”

ಅಡುಗೆಮನೆಯಿಂದ ಹೆಂಡತಿ ಕೇಳಿದಳು, “ಯಾರಿಗ್ರಿ ಬೈಯಾಕತ್ತೀರಿ?”

“ಹರವಿಗೆ,” ಎಂದೆ.

ಅವಳು ಬಂದು ನನ್ನ ಮುಖ ನೋಡಿದಳು. ಲೋಟ ತೆಗೆದುಕೊಂಡು ಇನ್ನೊಮ್ಮೆ ತುಂಬಿ ಕೊಟ್ಟಳು.